ಟೈರ್ ರಿಮ್ಮಿಗೆ ಏರುವ ಮುಂಚೆ ಆ ನಾಲ್ಕು ಅಂಕಿ ನೋಡಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಅರ್ಧ ತಪ್ಪು ನನ್ನದೇ. ಆದರೂ ಬರೆಯುತ್ತಿದ್ದೇನೆ, ಯಾಕಂದ್ರೆ ಟೈರ್ ಅಂಗಡಿಯಲ್ಲಿ ನಾನು ನಿಂತ ಹಾಗೆ ಕೈಕಟ್ಟಿ ನಿಲ್ಲುವವರು ಬಹಳ ಜನ ಇದ್ದಾರೆ.

2024ರಲ್ಲಿ ನಡೆದದ್ದು. ಬೈಕಿನ ಹಿಂದಿನ ಟೈರ್ ಮುಗಿಯುತ್ತಾ ಬಂದಿತ್ತು. ನೇರ ರಸ್ತೆಯಲ್ಲೇ ಜಾಸ್ತಿ ಓಡಿಸಿದ್ದರಿಂದ ನಡುಭಾಗ ಸವೆದು ಚಪ್ಪಟೆ ಆಗಿತ್ತು. ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಚಿಕ್ಕ ದಿಬ್ಬಗಳಿರುತ್ತವೆ ನೋಡಿ, ರಬ್ಬರ್ ಅದರ ಮಟ್ಟಕ್ಕೆ ಇಳಿದರೆ ಟೈರ್ ಕಥೆ ಮುಗಿಯಿತು ಅಂತ ಅರ್ಥ. ನನ್ನದು ಇಳಿದಿತ್ತು. ಮಾರನೇ ದಿನ ಬೆಳಿಗ್ಗೆ ದೂರ ಹೊರಡುವುದಿತ್ತು. ಹಿಂದಿನ ದಿನ ಸಂಜೆ ಅಂಗಡಿಗೆ ಹೋದೆ. ಆತುರದಲ್ಲಿ ಟೈರ್ ಕೊಳ್ಳಲು ಹೋಗುವುದೇ ಮೊದಲ ತಪ್ಪು.

ನನ್ನ ಸೈಜು 130/70-17. "ಅದು ಇಲ್ಲ ಸರ್, 150/60-17 ಹಾಕಿಸಿ. ಅಗಲ ಜಾಸ್ತಿ, ಗ್ರಿಪ್ಪೂ ಜಾಸ್ತಿ, ಹಿಂದಿನಿಂದ ನೋಡೋಕೆ ದೊಡ್ಡ ಬೈಕ್ ಥರ ಕಾಣುತ್ತೆ" ಅಂದರು. ಸುಳ್ಳು ಯಾಕೆ ಹೇಳಲಿ, ಆ ಕೊನೆಯ ಮಾತಿಗೇ ನಾನು ಬಿದ್ದೆ. ಅನುಮಾನ ಇರಬಾರದು ಅಂತ ಅವರೇ ಫೋನ್ ತೆಗೆದು ಲೆಕ್ಕ ಹಾಕಿ ತೋರಿಸಿದರು. ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಆ ಅಗಲದ ಎಷ್ಟು ಪರ್ಸೆಂಟ್ ಎತ್ತರ ಅಂತ, ಕೊನೆಯ 17 ಟೈರ್ ಕೂರುವ ರಿಮ್ಮಿನ ವ್ಯಾಸ, ಇಂಚಿನಲ್ಲಿ. 130ಕ್ಕೆ 70 ಪರ್ಸೆಂಟ್ ಅಂದರೆ 91 ಮಿಲಿಮೀಟರ್. 150ಕ್ಕೆ 60 ಪರ್ಸೆಂಟ್ ಅಂದರೆ 90. "ನೋಡಿ ಸರ್, ಎತ್ತರ ಹೆಚ್ಚುಕಮ್ಮಿ ಒಂದೇ. ಸ್ಪೀಡೋಮೀಟರಲ್ಲೂ ವ್ಯತ್ಯಾಸ ಬರಲ್ಲ." ಲೆಕ್ಕ ಸರಿಯಾಗಿಯೇ ಇತ್ತು. ಆದರೆ ರಿಮ್ ಎಷ್ಟು ಅಗಲ ಅನ್ನುವ ಪ್ರಶ್ನೆ ಆ ಲೆಕ್ಕದಲ್ಲಿ ಬರಲೇ ಇಲ್ಲ. ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಹೊಸ ಸ್ಟಾಕಾ?" ಅಂತ ಮಾತ್ರ ಕೇಳಿದೆ. "ಮೊನ್ನೆ ಬಂದಿದ್ದು ಸರ್." ಇರಬಹುದು, ಅಂಗಡಿಗೆ ಮೊನ್ನೆಯೇ ಬಂದಿರಬಹುದು. ಫ್ಯಾಕ್ಟರಿಯಿಂದ ಯಾವಾಗ ಹೊರಬಿತ್ತು ಅಂತ ಕೇಳಬೇಕಿತ್ತು. ಮೇಲೆ ಡಿಸ್ಕೌಂಟ್ ಬೇರೆ ಕೊಟ್ಟರು. ಆಗಲಾದರೂ ತಲೆ ಓಡಬೇಕಿತ್ತು, ಅಲ್ವಾ?

ಮೊದಲ ದಿನವೇ ಬೈಕ್ ಬೇರೆ ಥರ ಅನ್ನಿಸಿತು. ತಿರುವಿನಲ್ಲಿ ವಾಲಿಸಲು ಹೋದರೆ ಮೊದಲು ಒಲ್ಲೆ ಅನ್ನುತ್ತಿತ್ತು, ಆಮೇಲೆ ಒಮ್ಮೆಲೇ ಬೀಳುವ ಹಾಗೆ ವಾಲುತ್ತಿತ್ತು. ಹೊಸ ಟೈರಿನ ಮೇಲ್ಮೈ ನುಣುಪಾಗಿರುತ್ತದೆ, ಮೊದಲ 100-150 ಕಿಲೋಮೀಟರ್ ನಿಧಾನಕ್ಕೆ ಓಡಿಸಿ ಪಳಗಿಸಬೇಕು ಅನ್ನುವುದು ನಿಜ. ಆ ನಿಜವನ್ನೇ ನೆಪ ಮಾಡಿಕೊಂಡು ಸುಮ್ನಾದೆ. 400 ಕಿಲೋಮೀಟರ್ ಆದರೂ ಅದು ಪಳಗಲಿಲ್ಲ.

ಎರಡು ವಾರದ ನಂತರ ಮಳೆ. ಜೋರೇನಲ್ಲ, ರಸ್ತೆ ಹೊಳೆಯುವಷ್ಟು ಮಾತ್ರ. ದಿನಾ ಹೋಗುವ ತಿರುವು, ಸ್ಪೀಡು 35 ದಾಟಿರಲಿಲ್ಲ. ಬ್ರೇಕ್ ಕೂಡ ಹಿಡಿದಿರಲಿಲ್ಲ. ತಿರುವು ಮುಗಿಯುತ್ತಾ ಬಂತು ಅಂತ ಆಕ್ಸಿಲರೇಟರ್ ಒಂದು ಚೂರು ತಿರುಗಿಸಿದೆ, ಹಿಂದಿನ ಚಕ್ರ ಸೋಪಿನ ಮೇಲೆ ಕಾಲಿಟ್ಟ ಹಾಗೆ ಪಕ್ಕಕ್ಕೆ ಹೋಯಿತು. ನಾನು ಒಂದು ಕಡೆ, ಬೈಕ್ ಒಂದು ಕಡೆ. ಮೊಣಕೈ ತರಚಿತು, ಇಂಡಿಕೇಟರ್ ಮುರಿಯಿತು, ಕ್ಲಚ್ ಲಿವರ್ ಬಾಗಿತು. ಹಿಂದೆ ಯಾವ ಗಾಡಿಯೂ ಬರುತ್ತಿರಲಿಲ್ಲ. ಅದಕ್ಕೇ ಇದನ್ನು ಕೂತು ಬರೆಯುತ್ತಿದ್ದೇನೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ರಾತ್ರಿ ಟಾರ್ಚ್ ಹಿಡಿದು ಬೈಕ್ ಪಕ್ಕ ನೆಲದ ಮೇಲೆ ಮಲಗಿದೆ. ಟೈರ್ ತಯಾರಾದ ದಿನ ಅದರ ಮೈಮೇಲೇ ಅಚ್ಚಾಗಿರುತ್ತದೆ. ಪಕ್ಕದಲ್ಲಿ, ಉದ್ದುದ್ದ ಚೌಕಟ್ಟಿನೊಳಗೆ ನಾಲ್ಕು ಅಂಕಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ಎಷ್ಟೋ ಟೈರುಗಳಲ್ಲಿ ಇದು ಒಂದೇ ಪಕ್ಕದಲ್ಲಿರುತ್ತದೆ. ನನ್ನದರಲ್ಲಿ ಚೈನ್ ಕಡೆ, ಸ್ಪ್ರಾಕೆಟ್ ಹಿಂದೆ ಅಡಗಿತ್ತು. ಚಕ್ರ ಕೈಯಲ್ಲಿ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೋದೆ, ಸಿಕ್ಕಿತು. 1118. ಅಂದರೆ 2018ರ 11ನೇ ವಾರ, ಮಾರ್ಚ್ ತಿಂಗಳು. ನಾನು "ಹೊಸದು" ಅಂತ ಹಾಕಿಸಿಕೊಂಡ ಟೈರಿಗೆ ಆಗಲೇ ಆರು ವರ್ಷ.

ಹೆಬ್ಬೆರಳಿನ ಉಗುರು ಒತ್ತಿ ನೋಡಿದೆ. ಒಳ್ಳೆ ರಬ್ಬರಿನಲ್ಲಿ ಉಗುರು ಚೂರು ಇಳಿಯುತ್ತದೆ, ತೆಗೆದರೆ ಗುರುತು ನಿಧಾನಕ್ಕೆ ಮಾಯುತ್ತದೆ. ಇದರಲ್ಲಿ ಪ್ಲಾಸ್ಟಿಕ್ ಬಕೆಟ್ ಮೇಲೆ ಒತ್ತಿದ ಹಾಗಿತ್ತು. ಒಂದು ಪಕ್ಕ ಕಪ್ಪಾಗಿತ್ತು, ಇನ್ನೊಂದು ಪಕ್ಕ ಕಂದು ತಿರುಗಿತ್ತು. ಅಂಗಡಿಯಲ್ಲಿ ಗಾಜಿನ ಹಿಂದೆ, ಬಿಸಿಲು ಬೀಳುವ ಕಡೆ ನಿಲ್ಲಿಸಿದ್ದ ಟೈರೇ ಅದು ಅಂತ ಆಗ ನೆನಪಾಯಿತು.

ಒಂದು ಮಾತು. ಒಂದೆರಡು ವರ್ಷ ಹಳೆಯ ಟೈರ್ ಅಂದ ತಕ್ಷಣ ಹೆದರಬೇಕಿಲ್ಲ. ತಂಪಾದ, ಕತ್ತಲೆ ಇರುವ, ಗಾಳಿ ಜಾಸ್ತಿ ಆಡದ ಜಾಗದಲ್ಲಿ ಇಟ್ಟಿದ್ದರೆ ಅದು ಚೆನ್ನಾಗಿಯೇ ಇರುತ್ತದೆ. ರಬ್ಬರನ್ನು ಕೆಡಿಸುವುದು ಬಿಸಿಲು, ಶಾಖ, ಆಮ್ಲಜನಕ, ಓಜೋನ್. ಕರೆಂಟ್ ಮೋಟಾರು ಓಡುವ ಜಾಗದಲ್ಲಿ ಓಜೋನ್ ಹುಟ್ಟುತ್ತದೆ, ಅದಕ್ಕೇ ಅದರ ಪಕ್ಕ ಟೈರ್ ಇಡಬಾರದು ಅನ್ನುತ್ತಾರೆ. ವರ್ಷ ಕಳೆದಂತೆ ರಬ್ಬರ್ ಗಟ್ಟಿಯಾಗುತ್ತದೆ. ಗಟ್ಟಿಯಾದ ರಬ್ಬರ್ ಒಣ ರಸ್ತೆಯಲ್ಲಿ ಹೇಗೋ ಮಾನ ಕಾಪಾಡುತ್ತದೆ, ಒದ್ದೆಯಲ್ಲಿ ಬಣ್ಣ ಬಯಲು. ರಸ್ತೆಯ ಸಣ್ಣ ಸಣ್ಣ ಒರಟುಗಳನ್ನು ಅಪ್ಪಿ ಹಿಡಿಯಲು ಅದಕ್ಕೆ ಆಗುವುದೇ ಇಲ್ಲ. ಗೀರು ಎಷ್ಟು ಆಳ ಇದ್ದರೂ ಅಷ್ಟೇ.

ಇನ್ನು ಅಗಲದ ವಿಷಯ. ರಿಮ್ಮಿನ ಮೇಲೆಯೇ 3.50 ಅಂತ ಕೆತ್ತಿದೆ, ಮೂರೂವರೆ ಇಂಚು. ಆ ಟೈರ್ ಕಂಪನಿಯ ಪಟ್ಟಿ ತೆಗೆದು ನೋಡಿದರೆ 150/60ಕ್ಕೆ ಬೇಕಾದದ್ದು 4ರಿಂದ 4.5 ಇಂಚಿನ ರಿಮ್. ಅಗಲದ ಟೈರನ್ನು ಕಿರಿದಾದ ರಿಮ್ಮಿಗೆ ತುರುಕಿದರೆ ಎರಡೂ ಪಕ್ಕ ಒಳಕ್ಕೆ ಎಳೆದುಕೊಂಡು ನಡುಭಾಗ ಮೊನಚಾಗಿ ಉಬ್ಬುತ್ತದೆ. ರಸ್ತೆಗೆ ತಾಗುವ ಭಾಗ ದೊಡ್ಡದಾಗುವ ಬದಲು ಅದರ ಆಕಾರವೇ ಕೆಡುತ್ತದೆ. ದುಡ್ಡು ಕೊಟ್ಟು ತಂದ 20 ಮಿಲಿಮೀಟರ್ ಸುಮ್ನೆ ನೋಡುವವರಿಗೆ. ಚೈನ್ ಕವರಿನ ಒಳಗೆ ಬೆರಳು ಹಾಕಿ ಎಳೆದರೆ ಕಾಡಿಗೆಯಂಥ ಕಪ್ಪು ಪುಡಿ ಅಂಟಿ ಬಂತು. ಟೈರಿನ ಪಕ್ಕದಲ್ಲಿ ಸುತ್ತಲೂ ಒಂದು ಹೊಳೆಯುವ ಗೆರೆ. ಚೈನ್ ಅದನ್ನು ದಿನಾ ಉಜ್ಜುತ್ತಿತ್ತು. ಬೀಳದೇ ಹೋಗಿದ್ದರೆ ಅದು ಒಂದು ದಿನ ಎಲ್ಲಿಗೆ ಮುಟ್ಟುತ್ತಿತ್ತೋ ಯೋಚಿಸಲು ಮನಸ್ಸಿಲ್ಲ.

ಸಾಲದ್ದಕ್ಕೆ ಗಾಳಿ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ನೋಡಿದರೆ 41 ಪಿಎಸ್‌ಐ. ಬೈಕಿನ ಸ್ಟಿಕ್ಕರಿನಲ್ಲಿರುವುದು 33. ಟೈರಿನ ಪಕ್ಕದಲ್ಲಿ ಬರೆದಿರುವುದು ಪೂರ್ತಿ ಭಾರ ಹೇರಿದಾಗಿನ ಗರಿಷ್ಠ ಒತ್ತಡ. ಅಂಗಡಿ ಹುಡುಗ ಅದನ್ನೇ ನೋಡಿ ತುಂಬಿದ್ದ. ಎರಡು ವಾರ ಗಾಳಿ ನೋಡದೆ ಓಡಾಡಿದ ಮಹಾಶಯ ಮಾತ್ರ ನಾನೇ.

ವಯಸ್ಸು, ಸೈಜು, ಗಾಳಿ, ಈ ಮೂರರಲ್ಲಿ ಯಾವುದು ಬೀಳಿಸಿತು ಅಂತ ಬೆರಳು ತೋರಿಸಿ ಹೇಳಲಾರೆ. ಮೂರೂ ಸೇರಿ ಬೀಳಿಸಿದವು ಅಂತ ನನ್ನ ನಂಬಿಕೆ.

ಅಂಗಡಿಗೆ ಹೋದೆ. "ಒಂದು ಸಲ ಫಿಟ್ ಮಾಡಿದ್ದು ವಾಪಸ್ ತಗೊಳಲ್ಲ ಸರ್, ನೀವೇ ನೋಡಿ ಒಪ್ಪಿದ್ದಲ್ವಾ?" ಬಿಲ್ಲಿನಲ್ಲಿ "ಟೈರ್ 1" ಅಂತಷ್ಟೇ ಇತ್ತು. ಸೈಜೂ ಇಲ್ಲ, ತಾರೀಖಿನ ಅಂಕಿಯೂ ಇಲ್ಲ. ಯಾವ ಬಾಯಲ್ಲಿ ಜಗಳ ಆಡಲಿ? ನೀವು ಕೊಳ್ಳುವಾಗ ಸೈಜು, ಆ ನಾಲ್ಕು ಅಂಕಿ ಎರಡನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಅಲ್ಲೇ ಉತ್ತರ ಸಿಕ್ಕಿತು, ಬೈಕ್ ಸ್ಟಾರ್ಟ್ ಮಾಡಿ.

ಎರಡನೇ ಸಲ ಬೇರೆ ಕಡೆ ಹೋದೆ, ಮೊದಲೇ ಮ್ಯಾನುಯಲ್ ಓದಿಕೊಂಡು. ಸೈಜು ಬೈಕ್ ಜೊತೆ ಬಂದದ್ದೇ. ಸೈಜಿನ ನಂತರ ಬರುವ ಅಂಕಿ, ಅಕ್ಷರವನ್ನೂ ನೋಡಿದೆ. 62 ಅಂದರೆ ಒಂದು ಟೈರ್ 265 ಕೆಜಿ ಹೊರುತ್ತದೆ. ಎಸ್ ಅಂದರೆ ಗಂಟೆಗೆ 180 ಕಿಲೋಮೀಟರ್ ತನಕ, ಎಚ್ ಅಂದರೆ 210. ಮ್ಯಾನುಯಲ್ಲಿನಲ್ಲಿ ಇರುವುದಕ್ಕಿಂತ ಕಮ್ಮಿ ಇರಬಾರದು, ಜಾಸ್ತಿ ಇದ್ದರೆ ಪರವಾಗಿಲ್ಲ. ಟೈರಿನೊಳಗಿನ ದಾರಗಳು ಅಡ್ಡಕ್ಕೆ ನೇರವಾಗಿದ್ದರೆ ರೇಡಿಯಲ್, ಓರೆಯಾಗಿ ಒಂದರ ಮೇಲೊಂದು ಹಾದಿದ್ದರೆ ಬಯಾಸ್. ರೇಡಿಯಲ್ ಆದರೆ ಸೈಜಿನಲ್ಲಿ ಆರ್ ಅಕ್ಷರ ಇರುತ್ತದೆ, ಬಯಾಸ್ ಆದರೆ ಬರೀ ಗೆರೆ ಅಥವಾ ಬಿ. ಮುಂದೊಂದು ಜಾತಿ ಹಿಂದೊಂದು ಜಾತಿ ಮನಸ್ಸಿಗೆ ಬಂದ ಹಾಗೆ ಬೆರೆಸಬಾರದು, ಬೈಕ್ ಕಂಪನಿಯೇ ಹಾಗೆ ಕೊಟ್ಟಿದ್ದರೆ ಮಾತು ಬೇರೆ. ಅಂಗಡಿಯವರು ರೇಸಿಂಗ್ ಥರದ ಮೆತ್ತನೆ ಟೈರ್ ತೋರಿಸಿದರು. ಅದು ಚೆನ್ನಾಗಿ ಬಿಸಿಯಾದರೆ ಮಾತ್ರ ಕಚ್ಚಿ ಹಿಡಿಯುವುದು. ಆಫೀಸಿಗೆ ಹೋಗಿಬರುವ ನನಗೆ ಅದ್ಯಾಕೆ? ನಡುವೆ ಗಟ್ಟಿ ರಬ್ಬರ್, ಅಂಚಿನಲ್ಲಿ ಮೆತ್ತನೆ ರಬ್ಬರ್ ಇರುವ, ನೀರು ಹೊರಹೋಗಲು ಗೀರು ಚೆನ್ನಾಗಿರುವ ಟೂರಿಂಗ್ ಟೈರ್ ಆರಿಸಿದೆ. ಮೂರು ತಿಂಗಳ ಹಿಂದೆ ತಯಾರಾದದ್ದು. ವಾಲ್ವ್ ಹೊಸದು ಹಾಕಿಸಿ ಬ್ಯಾಲೆನ್ಸಿಂಗ್ ಮಾಡಿಸಿದೆ.

ಈ ಸಲ ದೂರದಲ್ಲಿ ಕೈಕಟ್ಟಿ ನಿಲ್ಲದೆ ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಮೆಕ್ಯಾನಿಕ್ ಟೈರನ್ನು ರಿಮ್ಮಿನ ಮೇಲಿಟ್ಟು ಸೋಪಿನ ನೀರು ಹಚ್ಚುತ್ತಿದ್ದರು. ಚಕ್ರ ತಿರುಗುವ ದಿಕ್ಕಿಗೆ ಪಕ್ಕದಲ್ಲಿ ಒಂದು ಬಾಣದ ಗುರುತು ಇರುತ್ತದೆ. ನೋಡಿದರೆ ಹಿಂದಕ್ಕೆ ತೋರಿಸುತ್ತಿದೆ. "ಅಣ್ಣ, ಬಾಣ ಉಲ್ಟಾ ಅಲ್ವಾ?" ಅಂದೆ. ಅವರು ಬಗ್ಗಿ ನೋಡಿದರು, ನಾಲಿಗೆ ಕಚ್ಚಿಕೊಂಡರು, ಟೈರ್ ಎತ್ತಿ ಮಗುಚಿ ಹಾಕಿದರು.