ಊಟದ ಕೋಣೆಗೆ ಮೂರು ಥರದ ಹಸಿರು: ಒಂದು ಪೇಂಟ್ ಅಂಗಡಿಯ ಬಗ್ಗೆ

ಮೈಸೂರಿನ ಸರಸ್ವತಿಪುರಂ ಕಡೆಯ ಒಂದು ಹಳೇ ಪೇಂಟ್ ಅಂಗಡಿಯಿಂದ ನಮ್ಮ ಊಟದ ಕೋಣೆಗೆ ಬಣ್ಣ ತಂದೆವು. ಬಣ್ಣಕ್ಕೆ ಪೂರ್ತಿ ಮಾರ್ಕ್ಸ್. ಅವರು ಗೊತ್ತು ಮಾಡಿಕೊಟ್ಟ ಪೇಂಟರ್‌ಗಳಿಗೆ ಅರ್ಧ. ಅಂಗಡಿ ಯಜಮಾನರಿಗೆ ನೂರಕ್ಕಿಂತ ಜಾಸ್ತಿ ಕೊಡೋಕೆ ಬರೋದಿಲ್ಲ ಅಂತ ನೂರಕ್ಕೆ ನಿಲ್ಲಿಸಿದ್ದೇನೆ.

ನಮ್ಮದು ಕೆಂಪು ರೆಡ್ ಆಕ್ಸೈಡ್ ನೆಲದ ಮನೆ. ಹಸಿರು ಅಂದ ಕೂಡಲೇ ಅತ್ತೆ, "ಬೇಡಮ್ಮ, ಸರ್ಕಾರಿ ಆಸ್ಪತ್ರೆ ಥರ ಕಾಣುತ್ತೆ" ಅಂದರು. ಅವರ ಭಯ ಸುಳ್ಳಲ್ಲ. ಎದೆಮಟ್ಟಕ್ಕೆ ಹೊಳೆಯುವ ಆಯಿಲ್ ಪೇಂಟ್ ಹೊಡೆದ ಗೋಡೆಗಳನ್ನು ನಾವೆಲ್ಲ ನೋಡಿದ್ದೇವೆ. ಅಂಗಡಿಯಲ್ಲಿ ಇದನ್ನೇ ಹೇಳಿದೆ. ಯಜಮಾನರು ಶೇಡ್ ಕಾರ್ಡ್ ಮುಟ್ಟಲೇ ಇಲ್ಲ. ನೆಲ ಯಾವುದು, ಕಿಟಕಿ ಯಾವ ದಿಕ್ಕಿಗೆ, ರಾತ್ರಿ ಯಾವ ಲೈಟು ಅಂತ ಕೇಳಿದರು. ಆಮೇಲೆ ಹೇಳಿದರು: "ಆಸ್ಪತ್ರೆ ಹಸಿರು ನೀಲಿ ಕಡೆ ವಾಲುತ್ತೆ ಮೇಡಂ. ಕೆಂಪು ನೆಲದ ಪಕ್ಕ ಅದು ಕಣ್ಣಿಗೆ ಹೊಡೆಯುತ್ತೆ. ನೀವು ಹಳದಿ ಕಡೆ ವಾಲೋ ಹಸಿರು ತಗೊಳ್ಳಿ, ಸ್ವಲ್ಪ ಮಂಕಾಗಿರಲಿ."

ಮಂಕು ಮಾಡುವುದು ಹೇಗೆ ಅಂತ ಅಲ್ಲೇ ನೋಡಿದೆ. ಬಿಳಿ ಬೇಸ್, ಅಂದರೆ ಬಣ್ಣ ಬೆರೆಸೋಕೆ ಇರುವ ಮೂಲ ಪೇಂಟಿನ ಡಬ್ಬಿಯನ್ನು ಯಂತ್ರದ ಕೆಳಗಿಟ್ಟರು. ಹಳದಿ ಸ್ಟೇನರ್ (ಬೆರೆಸುವ ಗಟ್ಟಿ ಬಣ್ಣ) ಬಿತ್ತು, ಹಸಿರು ಬಿತ್ತು, ಕೊನೆಗೆ ಕಪ್ಪು, ಚೂರೇ ಚೂರು. ಆ ಕಪ್ಪಿನಿಂದಲೇ ಗಿಳಿ ಹಸಿರಿನ ಅಬ್ಬರ ಇಳಿಯೋದು. ಮುಚ್ಚಳ ಹಾಕಿ ಇನ್ನೊಂದು ಯಂತ್ರದಲ್ಲಿ ಗಡಗಡ ಕುಲುಕಿಸಿದರು. ಮತ್ತೆ ತೆಗೆದು, ಬೆರಳಲ್ಲಿ ಒಂದು ಚುಕ್ಕೆಯನ್ನು ಮುಚ್ಚಳದ ಮೇಲೆ ಹಚ್ಚಿ ಫ್ಯಾನಿನ ಗಾಳಿಗೆ ಹಿಡಿದರು. ಎಮಲ್ಷನ್, ಅಂದರೆ ನೀರು ಬೆರೆಸಿ ಹೊಡೆಯುವ ಗೋಡೆ ಬಣ್ಣ, ಒಣಗಿದ ಮೇಲೆ ಒಂದು ಮಟ್ಟ ಗಾಢವಾಗುತ್ತೆ, ಹಾಗಾಗಿ ಒದ್ದೆ ಬಣ್ಣ ನೋಡಿ ಹೂಂ ಅನ್ನಬಾರದಂತೆ.

ಪೇಂಟ್ ಕಂಪನಿಗಳ ಆ್ಯಪಿನಲ್ಲಿ ನಮ್ಮ ಗೋಡೆಯ ಫೋಟೋಗೆ ಬಣ್ಣ ಹಾಕಿ ನೋಡಬಹುದು. ಸುಮ್ನೆ ಟೈಮ್‌ಪಾಸ್. ನನ್ನ ಫೋನಲ್ಲಿ ಒಂದು ಹಸಿರು, ನಮ್ಮನೆ ಯಜಮಾನ್ರ ಫೋನಲ್ಲಿ ಇನ್ನೊಂದು. ಅದರ ಬದಲು ಚಿಕ್ಕ ಸ್ಯಾಂಪಲ್ ಡಬ್ಬಿ ತಗೊಳ್ಳಿ. ಬಿಳಿ ಡ್ರಾಯಿಂಗ್ ಶೀಟಿಗೆ ಎರಡು ಕೋಟ್ ಹೊಡೆದು, ಗೋಡೆಯಿಂದ ಗೋಡೆಗೆ ಅಂಟಿಸಿ ನೋಡಿ. ನಾವು ಹಾಗೇ ಮಾಡಿದೆವು. ಬೆಳಿಗ್ಗೆ ಚೆನ್ನಾಗಿದ್ದ ಹಸಿರು ರಾತ್ರಿ ಬಿಳಿಚು ಬೆಳಕಿನ 6500 ಕೆಲ್ವಿನ್ ಟ್ಯೂಬ್‌ಲೈಟಿನಲ್ಲಿ ಪೇಲವವಾಯಿತು. ಮೇಜಿನ ಮೇಲೆ ಹಳದಿ ಬೆಳಕಿನ 3000 ಕೆಲ್ವಿನ್ ಬಲ್ಬ್ ಹಾಕಿದ ಮೇಲೆ ಜೀವ ಬಂತು. ಬಲ್ಬಿನ ಡಬ್ಬದ ಮೇಲೆ ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತೆ ಅನ್ನೋ ಅಳತೆ, ಪೂರ್ತಿ ಅಂದರೆ 100) 90 ಇದೆಯಾ ಅಂತಲೂ ನೋಡಿ. ಸಿಆರ್‌ಐ ಕಮ್ಮಿ ಇರುವ ಬಲ್ಬಿನಲ್ಲಿ ಕೆಂಪು ಸೊರಗುತ್ತೆ, ಜೊತೆಗೆ ಸುತ್ತ ಹಸಿರು ಗೋಡೆ ಬೇರೆ. ಟೊಮೇಟೊ ಸಾರು ನೋಡೋಕೆ ಆಗೋದಿಲ್ಲ!

ಕೊನೆಗೆ ನಿಂತದ್ದು ಹೀಗೆ: ಕೆಳಗೆ ಮೂರು ಅಡಿ ಮಾವಿನೆಲೆಯ ಕಡು ಹಸಿರು, ಮೇಲೆ ಬಾಳೆ ಸುಳಿಯ ಎಳೆ ಹಸಿರು, ಕಿಟಕಿ ಬಾಗಿಲಿಗೆ ಪಾಚಿ ಬಣ್ಣದ ಎನಾಮಲ್. ಚಾವಣಿ ಬಿಳಿ. ಕೆಳಗಿನದು ಸ್ವಲ್ಪ ಹೊಳಪಿರುವ ಸ್ಯಾಟಿನ್ ಫಿನಿಶ್, ಮಕ್ಕಳ ಕೈ ಮತ್ತು ಕುರ್ಚಿಯ ಬೆನ್ನು ತಾಗುವ ಜಾಗ ಅಲ್ವಾ. ಸಾಂಬಾರ್ ಸಿಡಿದರೆ ಒದ್ದೆ ಬಟ್ಟೆಯಲ್ಲಿ ಹೋಗುತ್ತೆ, ಆದರೆ ತಕ್ಷಣ ಒರೆಸಬೇಕು. ಅರಿಶಿನ ಒಣಗಿದರೆ ಸ್ಯಾಟಿನ್ನೂ ಸೋಲುತ್ತೆ. ಮೇಲಿನದು ಹೊಳಪಿಲ್ಲದ ಮ್ಯಾಟ್. ಹಳೇ ಗೋಡೆಯ ಉಬ್ಬುತಗ್ಗು ಅದರಲ್ಲಿ ಅಷ್ಟಾಗಿ ಕಾಣೋದಿಲ್ಲ.

ಇನ್ನು ತಕರಾರು. ಕಡು ಬಣ್ಣದ ಬೇಸಿನಲ್ಲಿ ಬಿಳಿ ಅಂಶ ಕಮ್ಮಿ, ಹಾಗಾಗಿ ಎರಡು ಕೋಟ್‌ಗೆ ಗೋಡೆ ಸರಿಯಾಗಿ ಮುಚ್ಚೋದಿಲ್ಲ. ಮೂರನೇದು ಬೇಕಾಗಬಹುದು ಅಂತ ಯಜಮಾನರು ಮೊದಲೇ ಹೇಳಿದ್ದರು. ಪೇಂಟರ್‌ಗಳು ಎರಡಕ್ಕೇ ಏಣಿ ಎತ್ತಿಟ್ಟರು. ಎರಡು ಹಸಿರು ಸೇರುವ ಗೆರೆಯ ಟೇಪನ್ನು ಬಣ್ಣ ಪೂರ್ತಿ ಒಣಗಿದ ಮೇಲೆ ಕಿತ್ತರು, ಸ್ವಿಚ್‌ಬೋರ್ಡ್ ಹತ್ತಿರ ಚಕ್ಕೆ ಎದ್ದು ಬಂತು. ಅಂಗಡಿಗೆ ಫೋನ್ ಮಾಡಿದ ಮೇಲೆ ಬಂದು ಸರಿ ಮಾಡಿದರು, ಮುಖ ಊದಿಸಿಕೊಂಡೇ. ಕೂಲಿ ಪೂರ್ತಿ ಮೊದಲೇ ಕೊಡಬೇಡಿ.

ಒಮ್ಮೆ ಬೆರೆಸಿದ ಬಣ್ಣ ವಾಪಸ್ ತಗೊಳ್ಳೋದಿಲ್ಲ, ಅದು ನ್ಯಾಯವೇ. ಬೇಕಾದಷ್ಟನ್ನೂ ಒಟ್ಟಿಗೇ ಬೆರೆಸಿಕೊಳ್ಳಿ, ಮುಂದಿನ ಸಲ ಬೆರೆಸಿದ್ದು ಕೂದಲೆಳೆಯಷ್ಟು ಬೇರೆ ಬಂದರೂ ಗೋಡೆ ಮೇಲೆ ಗೊತ್ತಾಗುತ್ತೆ. ಮುಚ್ಚಳದ ಚೀಟಿಯಲ್ಲಿ ಶೇಡ್ ನಂಬರ್, ಬೇಸ್ ಎರಡೂ ಇರುತ್ತೆ, ಫೋಟೋ ತೆಗೆದಿಟ್ಟುಕೊಳ್ಳಿ. ಹೋಗುವುದಾದರೆ ಬೆಳಿಗ್ಗೆ ಹೋಗಿ. ಮಧ್ಯಾಹ್ನದ ಮೇಲೆ ಗಲ್ಲಾಪೆಟ್ಟಿಗೆಯಲ್ಲಿ ಕೂರುವ ಹುಡುಗ ಏನು ಕೇಳಿದರೂ ಶೇಡ್ ಕಾರ್ಡನ್ನೇ ಮುಂದೆ ತಳ್ಳುತ್ತಾನೆ.