ಹಾಲ್‌ನಲ್ಲಿಟ್ಟ ವೈಫೈ ಕ್ಯಾಮೆರಾ: ಮೂರು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಕ್ಯಾಮೆರಾ ಗಟ್ಟಿಯಾಗಿದೆ, ಚಿತ್ರ ಚೆನ್ನಾಗಿದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಅದರ ಆ್ಯಪ್ ಮೇಲೆ, ಅದನ್ನು ನಡೆಸುವ ಕಂಪನಿಯ ಮೇಲೆ ನನಗೆ ಇವತ್ತಿಗೂ ನಂಬಿಕೆ ಹುಟ್ಟಿಲ್ಲ. ಮನೆ ಹೊರಗೆ ಹಾಕುವವರಿಗೆ ಇದು ದೊಡ್ಡ ವಿಷಯ ಅಲ್ಲದಿರಬಹುದು. ಮನೆ ಒಳಗೆ ಇಡಬೇಕು ಅಂದುಕೊಂಡವರು ದಯವಿಟ್ಟು ಪೂರ್ತಿ ಓದಿ.

ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಎರಡು ಎರಡೂವರೆ ಸಾವಿರಕ್ಕೆ ಆನ್‌ಲೈನ್‌ನಲ್ಲಿ ಸಿಗುವ, ತಲೆ ತಿರುಗಿಸುವ ಬಿಳಿ ಬಣ್ಣದ ಕ್ಯಾಮೆರಾ ಅಂದರೆ ನಿಮಗೆ ಗೊತ್ತಾಗುತ್ತದೆ. ನಾನು ಹೇಳುವುದರಲ್ಲಿ ಎಷ್ಟು ನಿಮ್ಮ ಮನೆಯದಕ್ಕೂ ಹೊಂದುತ್ತದೆ ಅಂತ ನೀವೇ ನೋಡಿಕೊಳ್ಳಿ.

ನಾವಿರುವುದು ಮೈಸೂರಿನಲ್ಲಿ. ನಾನೂ ನಮ್ಮ ಮನೆಯವರೂ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಅಮ್ಮನಿಗೆ ಮಂಡಿನೋವು, ಜೊತೆಗೆ ಬಿಪಿ. ಮಗಳು ಶಾಲೆಯಿಂದ ಬರುವವರೆಗೆ ಅವರೊಬ್ಬರೇ ಇರುತ್ತಾರೆ. ಒಂದು ದಿನ ಅಡುಗೆಮನೆ ಬಾಗಿಲ ಹತ್ತಿರ ಕಾಲು ಜಾರಿ ಬಿದ್ದರು. ಸಂಜೆವರೆಗೂ ಯಾರಿಗೂ ಗೊತ್ತಾಗಲಿಲ್ಲ. ಅದಾದ ವಾರದಲ್ಲೇ ಈ ಕ್ಯಾಮೆರಾ ತಂದು ಹಾಲ್‌ನ ಶೋಕೇಸ್ ಮೇಲೆ ಇಟ್ಟೆವು. ಕಳ್ಳರ ಭಯಕ್ಕಲ್ಲ, ಅಮ್ಮನಿಗಾಗಿ.

ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಆಫೀಸಿನಿಂದ ಫೋನ್ ತೆಗೆದರೆ ಎರಡು ಮೂರು ಸೆಕೆಂಡಿನಲ್ಲಿ ಹಾಲ್ ಕಾಣುತ್ತದೆ. ರಾತ್ರಿ ಲೈಟ್ ಆರಿಸಿದರೂ ಕಪ್ಪು-ಬಿಳುಪಿನಲ್ಲಿ ಸ್ಪಷ್ಟವಾಗಿ ತೋರಿಸುತ್ತದೆ. ಅಮ್ಮ ಫೋನ್ ಎತ್ತದಿದ್ದಾಗ ಒಮ್ಮೆ ನೋಡಿ, ಸೋಫಾ ಮೇಲೆ ಮಲಗಿದ್ದಾರೆ ಅಂತ ಗೊತ್ತಾದರೆ ಆಗುವ ಸಮಾಧಾನ ಇದೆಯಲ್ಲ, ಅದಕ್ಕೆ ಬೆಲೆ ಕಟ್ಟಲಾಗುವುದಿಲ್ಲ.

ಸಣ್ಣಪುಟ್ಟ ಕಿರಿಕಿರಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ರಾತ್ರಿ ಲೆನ್ಸ್ ಮುಂದೆ ಹುಳ ಬರುತ್ತವೆ, ಹುಳ ಹಿಡಿಯಲು ಹಲ್ಲಿ ಬರುತ್ತದೆ, ನನ್ನ ಫೋನಿಗೆ ‘ಚಲನೆ ಕಂಡುಬಂದಿದೆ’ ಅಂತ ಮೆಸೇಜು ಬರುತ್ತದೆ. ಫ್ಯಾನ್ ಗಾಳಿಗೆ ಪರದೆ ಅಲ್ಲಾಡಿದರೂ ಅಷ್ಟೇ. ಮನುಷ್ಯರು ಬಂದಾಗ ಮಾತ್ರ ಎಚ್ಚರಿಸುವ ಸೌಲಭ್ಯ ಬೇಕಾದರೆ ತಿಂಗಳಿಗಿಷ್ಟು ಅಂತ ದುಡ್ಡು ಕಟ್ಟಬೇಕು. ಮಾಮೂಲಿ ಮೆಮೊರಿ ಕಾರ್ಡ್ ಹಾಕಿದ್ದೆವು, ಹಗಲು ರಾತ್ರಿ ಬರೆಸಿಕೊಂಡು ವರ್ಷದೊಳಗೆ ಕೆಟ್ಟಿತು. ಸಿಸಿಟಿವಿಗೆಂದೇ ಮಾಡಿದ ಕಾರ್ಡ್ ಸ್ವಲ್ಪ ಜಾಸ್ತಿ ಬೆಲೆ, ಆದರೆ ಅದನ್ನೇ ತೆಗೆದುಕೊಳ್ಳಿ.

ಈಗ ನಿಜವಾದ ತಕರಾರಿಗೆ ಬರುತ್ತೇನೆ.

ಇದರಲ್ಲಿ ಪ್ರೈವೆಸಿ ಮೋಡ್ ಅಂತ ಒಂದಿದೆ. ಅದನ್ನು ಒತ್ತಿದರೆ ಲೆನ್ಸ್ ಮೇಲಕ್ಕೆ ತಿರುಗಿ ಒಳಗೆ ಮುಚ್ಚಿಕೊಳ್ಳುತ್ತದೆ, ರೆಕಾರ್ಡಿಂಗ್ ನಿಲ್ಲುತ್ತದೆ. ಮೊದಮೊದಲು ನಾವು ಮನೆಯಲ್ಲಿದ್ದಾಗ ಯಾವಾಗಲೂ ಹಾಗೇ ಇಡುತ್ತಿದ್ದೆವು. ಆದರೆ ಕರೆಂಟ್ ಹೋಗಿ ಬಂದರೆ ಕ್ಯಾಮೆರಾ ರೀಸ್ಟಾರ್ಟ್ ಆಗುತ್ತದೆ. ಆಗ ಒಂದು ಸುತ್ತು ತಿರುಗಿ, ಹಾಲ್ ಕಡೆ ಮುಖ ಮಾಡಿ, ಕಣ್ಣು ಬಿಟ್ಟುಕೊಂಡು ನಿಲ್ಲುತ್ತದೆ. ನಾವು ಮುಚ್ಚಿಟ್ಟಿದ್ದು ಅದಕ್ಕೆ ನೆನಪೇ ಇರುವುದಿಲ್ಲ. ರಾತ್ರಿ ತಾನಾಗಿ ಸಾಫ್ಟ್‌ವೇರ್ ಅಪ್‌ಡೇಟ್ ಆದರೂ ಇದೇ ಪಾಡು. ಮಳೆಗಾಲದಲ್ಲಿ ಕರೆಂಟ್ ಹೇಗೆ ಬಂದು ಹೋಗುತ್ತದೆ ಅಂತ ನಿಮಗೇ ಗೊತ್ತಲ್ಲ. ಮನೆಯವರೆಲ್ಲ ಹಾಲ್‌ನಲ್ಲೇ ಮಲಗುವ ಸೆಕೆಗಾಲದ ರಾತ್ರಿಗಳಲ್ಲೂ ಅದು ನಮ್ಮನ್ನು ರೆಕಾರ್ಡ್ ಮಾಡುತ್ತಿತ್ತು ಅನ್ನುವುದು ಬೆಳಿಗ್ಗೆ ಆ್ಯಪ್ ತೆರೆದಾಗ ಗೊತ್ತಾಗುತ್ತಿತ್ತು.

ಕಸ್ಟಮರ್ ಕೇರ್‌ಗೆ ಬರೆದೆ. ಆ್ಯಪ್ ತೆಗೆದು ಮತ್ತೆ ಹಾಕಿ ಅಂದರು. ಹಾಕಿದೆ, ಬದಲಾಗಲಿಲ್ಲ. ಮುಂದಿನ ಅಪ್‌ಡೇಟ್‌ನಲ್ಲಿ ಸರಿಹೋಗುತ್ತದೆ ಅಂದರು. ಅಪ್‌ಡೇಟ್‌ಗಳು ಬಂದವು, ಇದು ಸರಿಹೋಗಲಿಲ್ಲ. ಇನ್ನೊಂದು ಸಲ ತಿರುಗುವ ಮೋಟಾರ್ ಸದ್ದು ಮಾಡುತ್ತಿದೆ ಅಂತ ದೂರು ಕೊಟ್ಟಾಗ, ಕ್ಯಾಮೆರಾ ಅಡಿಯಲ್ಲಿರುವ ಕ್ಯೂಆರ್ ಕೋಡ್ ಫೋಟೋ ಕಳಿಸಿ, ಲೈವ್ ನೋಡಲು ನಮ್ಮ ತಂತ್ರಜ್ಞರಿಗೆ ಅನುಮತಿ ಕೊಡಿ ಅಂದರು. ಮೋಟಾರ್ ಸದ್ದಿಗೂ ನನ್ನ ಮನೆಯ ಹಾಲ್ ನೋಡುವುದಕ್ಕೂ ಏನು ಸಂಬಂಧ? ಕೊಡುವುದಿಲ್ಲ ಅಂದೆ. ದೂರನ್ನು ‘ಪರಿಹರಿಸಲಾಗಿದೆ’ ಅಂತ ಮುಚ್ಚಿಬಿಟ್ಟರು. ನನಗೆ ತುಂಬಾ ಕೋಪ ಬಂದದ್ದು ಆವತ್ತು.

ಇದು ಸುಮ್ನೆ ಅನುಮಾನ ಪಡುವವಳ ಮಾತು ಅನ್ನಿಸಬಹುದು. ಆದರೆ ನಡೆದಿರುವುದನ್ನು ನೋಡಿ. ಅಮೆರಿಕದಲ್ಲಿ ರಿಂಗ್ ಅನ್ನುವ ಕ್ಯಾಮೆರಾ ಕಂಪನಿಯ ನೌಕರರು ಗ್ರಾಹಕರ ಮನೆಯೊಳಗಿನ ವಿಡಿಯೋ ನೋಡಲು ಸಾಧ್ಯವಿತ್ತು ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆರೋಪ ಹೊರಿಸಿತು. ಮಲಗುವ ಕೋಣೆಯಲ್ಲಿದ್ದ ಹೆಂಗಸರ ವಿಡಿಯೋಗಳೂ ಅದರಲ್ಲಿದ್ದವು. ಕಂಪನಿ 58 ಲಕ್ಷ ಡಾಲರ್ ಕೊಟ್ಟು ಪ್ರಕರಣ ಮುಗಿಸಿಕೊಂಡಿತು. 2024ರ ಫೆಬ್ರವರಿಯಲ್ಲಿ ವೈಜ್ ಅನ್ನುವ ಇನ್ನೊಂದು ಕಂಪನಿಯ ಸರ್ವರ್ ಕೆಟ್ಟು ಮತ್ತೆ ಶುರುವಾದಾಗ, ಸುಮಾರು 13,000 ಜನರಿಗೆ ಬೇರೆಯವರ ಮನೆಯ ಕ್ಯಾಮೆರಾ ಚಿತ್ರಗಳು ಕಾಣಿಸಿದವು. ನಮ್ಮ ದೇಶದಲ್ಲೇ, 2025ರ ಫೆಬ್ರವರಿಯಲ್ಲಿ ರಾಜ್‌ಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಸಿಸಿಟಿವಿ ವಿಡಿಯೋಗಳು ಹೊರಗೆ ಬಂದು ಆನ್‌ಲೈನ್‌ನಲ್ಲಿ ಮಾರಾಟವಾದವು. ವೈದ್ಯರ ಮುಂದೆ ಮಲಗಿದ್ದ ಹೆಣ್ಣುಮಕ್ಕಳ ವಿಡಿಯೋಗಳು ಅವು. ಆ ಸುದ್ದಿ ಓದಿದ ಮೇಲೆ ‘ನಮ್ಮ ಮನೆಯಲ್ಲಿ ನೋಡುವಂಥದ್ದು ಏನಿದೆ’ ಅನ್ನುವ ಮಾತನ್ನು ನನ್ನಿಂದ ಕೇಳಿಸಿಕೊಳ್ಳಲು ಆಗುತ್ತಿಲ್ಲ.

ನಮ್ಮ ಕ್ಯಾಮೆರಾದಿಂದ ಏನಾದರೂ ಸೋರಿದೆ ಅಂತ ನಾನು ಹೇಳುತ್ತಿಲ್ಲ. ಸೋರಿದೆಯಾ ಇಲ್ಲವಾ ಅಂತ ತಿಳಿಯಲು ನನಗೆ ದಾರಿಯೇ ಇಲ್ಲ ಅನ್ನುವುದು ನನ್ನ ದೂರು. ನನ್ನ ವಿಡಿಯೋ ಯಾವ ದೇಶದ ಸರ್ವರ್‌ನಲ್ಲಿದೆ, ಯಾರು ತೆರೆಯಬಹುದು ಅಂತ ಕೇಳಿದರೆ ನಿಯಮಗಳ ಪುಟದ ಲಿಂಕ್ ಕಳಿಸುತ್ತಾರೆ. ಆ ಪುಟದಲ್ಲಿ ‘ಸೇವೆ ಸುಧಾರಿಸಲು’, ‘ನಮ್ಮ ಪಾಲುದಾರರೊಂದಿಗೆ’ ಅಂತೆಲ್ಲ ಇದೆ. ನಾನು ಕೇಳಿದ ಎರಡಕ್ಕೂ ಉತ್ತರ ಇಲ್ಲ. ಆ್ಯಪ್ ಲೊಕೇಶನ್ ಕೇಳುತ್ತದೆ. ಹಳೆಯ ಆಂಡ್ರಾಯ್ಡ್ ಫೋನ್‌ಗಳಲ್ಲಿ ಹತ್ತಿರದ ವೈಫೈ ಹುಡುಕಲು ಅದು ಬೇಕಾಗುತ್ತದೆ, ಒಪ್ಪೋಣ. ಕಾಂಟ್ಯಾಕ್ಟ್ಸ್ ಯಾಕೆ ಬೇಕು? ನನ್ನ ಚಿಕ್ಕಪ್ಪನ ಫೋನ್ ನಂಬರ್ ತೆಗೆದುಕೊಂಡು ಕ್ಯಾಮೆರಾ ಏನು ಮಾಡುತ್ತದೆ?

ಇದೆಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬೇರೆ. ಷರತ್ತುಗಳಿಗೆಲ್ಲ ‘ಒಪ್ಪಿದ್ದೇನೆ’ ಅಂತ ಒತ್ತಿದವಳು ನಾನೊಬ್ಬಳು. ಕ್ಯಾಮೆರಾದಲ್ಲಿ ದಿನವಿಡೀ ಕಾಣುವುದು ಬೇರೆಯವರು. ಅಮ್ಮ, ಮಗಳು, ಪಾತ್ರೆ ತೊಳೆಯಲು ಬರುವವರು, ಓದಿಕೊಳ್ಳಲು ಬರುವ ಮಗಳ ಸ್ನೇಹಿತೆಯರು, ಗ್ಯಾಸ್ ಸಿಲಿಂಡರ್ ತರುವ ಹುಡುಗ. ಇವರಲ್ಲಿ ಯಾರನ್ನೂ ಆ್ಯಪ್ ಏನೂ ಕೇಳಲಿಲ್ಲ.

ಕ್ಯಾಮೆರಾ ಬಂದ ಕೆಲವೇ ದಿನಕ್ಕೆ ಅಮ್ಮ ನನ್ನನ್ನು ಕೇಳಿದರು, “ಇದು ಮಾತೂ ಕೇಳಿಸ್ಕೊಳ್ಳುತ್ತೇನೇ?” ಹೌದಮ್ಮ ಅಂದೆ. ಅಮ್ಮ ಮತ್ತೇನೂ ಹೇಳಲಿಲ್ಲ. ಆದರೆ ದಿನಾ ಮಧ್ಯಾಹ್ನ ಹಾಲ್‌ನಲ್ಲಿ ಕೂತು ಚಿಕ್ಕಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದವರು ಹಿತ್ತಲಿಗೆ ಹೋಗಿ ಮಾತಾಡಲು ಶುರು ಮಾಡಿದರು. ಮಂಡಿನೋವಿರುವವರು ಎರಡು ಮೆಟ್ಟಿಲು ಇಳಿದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ತಂಗಿ ಹತ್ತಿರ ಮಾತಾಡಬೇಕಾ? ಅವರು ಬೀಳಬಾರದು ಅಂತ ತಂದ ವಸ್ತು ಅದು. ಆವತ್ತೇ ಮೈಕ್ ಆಫ್ ಮಾಡಿದೆ. ಪೆಟ್ಟಿಗೆಯಿಂದ ತೆಗೆದಾಗಲೇ ಮೈಕ್ ಆನ್ ಇರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಆಫ್ ಮಾಡಬೇಕು. ನಮ್ಮ ಮಾದರಿಯಲ್ಲಿ ಹಾಗೆ ಮಾಡಿದರೆ ಅಮ್ಮ ಕೂಗಿದರೂ ನನಗೆ ಕೇಳಿಸುವುದಿಲ್ಲ. ರೆಕಾರ್ಡಿಂಗ್‌ಗೆ ಬೇರೆ, ಮಾತಾಡುವುದಕ್ಕೆ ಬೇರೆ ಅಂತ ಎರಡು ಸ್ವಿಚ್ ಕೊಟ್ಟಿದ್ದರೆ ಏನು ಕಷ್ಟ ಆಗುತ್ತಿತ್ತು? ನಾವು ಅಮ್ಮನ ಮಾತಿನ ಸ್ವಾತಂತ್ರ್ಯವನ್ನೇ ಆರಿಸಿಕೊಂಡೆವು. ಅವರ ಸೊಂಟದಲ್ಲಿ ಯಾವಾಗಲೂ ಫೋನ್ ಇರುವ ಹಾಗೆ ಒಂದು ಚಿಕ್ಕ ಚೀಲ ಹೊಲಿಸಿಕೊಟ್ಟಿದ್ದೇವೆ.

ಮನೆಕೆಲಸಕ್ಕೆ ಬರುವವರಿಗೆ ಮೊದಲ ದಿನವೇ ಹೇಳಿದ್ದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ, “ಕೆಲಸ ಮುಗಿಸಿ ಒಂದ್ ನಿಮಿಷ ಕೂತ್ಕೊಂಡ್ರೂ ಕಾಣ್ಸುತ್ತಾ ಅಕ್ಕಾ?” ಆ ಪ್ರಶ್ನೆ ಬಂದ ಮೇಲೆ ಅವರು ಮನೆಯಲ್ಲಿರುವಷ್ಟು ಹೊತ್ತು ಕ್ಯಾಮೆರಾ ಆಫ್. ಅವರಿದ್ದಾಗ ಅಮ್ಮ ಒಬ್ಬರೇ ಇರುವುದಿಲ್ಲ, ಹಾಗಾಗಿ ಅದರ ಅಗತ್ಯವೂ ಇಲ್ಲ. ಕೆಲಸದವರ ಮೇಲೆ ಕಣ್ಣಿಡಲೆಂದೇ ಕ್ಯಾಮೆರಾ ತರುವವರು ಬಹಳ ಜನ ಇದ್ದಾರೆ. ಹಾಗೆ ಮಾಡುವುದು ಸರಿ ಅಂತ ನನಗೆ ಅನ್ನಿಸುವುದಿಲ್ಲ.

ಕಾನೂನು ಏನು ಹೇಳುತ್ತದೆ ಅಂತಲೂ ಓದಿಕೊಂಡೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಪ್ರಕರಣಕ್ಕೆ ಕಾರಣರಾದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು. ನನಗೆ ಅದು ಹೆಮ್ಮೆ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂತು, ಅದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಡೇಟಾಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅಂದರೆ ನನ್ನ ಹಾಲ್‌ನಲ್ಲಿ ರೆಕಾರ್ಡ್ ಆದ ಹೆಂಗಸು ಈ ಕಾಯ್ದೆ ಹಿಡಿದು ನನ್ನನ್ನು ಪ್ರಶ್ನಿಸಲು ಆಗುವುದಿಲ್ಲ. ಅವರ ಮರ್ಯಾದೆ ಕಾಪಾಡುವುದು ಪೂರ್ತಿ ನನ್ನ ಮೇಲೇ ಬಿದ್ದಿದೆ. ಅದಕ್ಕೇ ನಾನು ಇಷ್ಟು ತಲೆ ಕೆಡಿಸಿಕೊಳ್ಳುವುದು.

ಈಗ ಹೇಗೆ ಬಳಸುತ್ತಿದ್ದೇವೆ ಅಂದರೆ, ಕ್ಯಾಮೆರಾವನ್ನು ಶೋಕೇಸ್‌ನಿಂದ ಇಳಿಸಿ ಮೂಲೆಗೆ ಹಾಕಿದ್ದೇವೆ. ಮುಂಬಾಗಿಲು, ಅಡುಗೆಮನೆಗೆ ಹೋಗುವ ದಾರಿ, ಅಮ್ಮನ ಕುರ್ಚಿ ಇಷ್ಟೇ ಕಾಣುತ್ತದೆ. ಬಚ್ಚಲುಮನೆ ಕಡೆಯ ಭಾಗವನ್ನು ಆ್ಯಪ್‌ನಲ್ಲೇ ಕಪ್ಪು ಚೌಕ ಹಾಕಿ ಮುಚ್ಚಿದ್ದೇನೆ. ಪ್ರೈವೆಸಿ ಮೋಡ್ ನಂಬುವುದನ್ನು ಬಿಟ್ಟು, ಕೈಗೆ ಎಟುಕುವ ಸ್ವಿಚ್ಚಿಗೆ ಪ್ಲಗ್ ಹಾಕಿಸಿದ್ದೇವೆ. ನಾವು ಮನೆಗೆ ಬಂದ ಕೂಡಲೇ ಸ್ವಿಚ್ ಆಫ್. ಕರೆಂಟ್ ಬಂದರೂ ಹೋದರೂ ಅದು ಆಫ್ ಆಗಿಯೇ ಇರುತ್ತದೆ. ಅಮ್ಮನಿಗೂ ಆ ಸ್ವಿಚ್ ತೋರಿಸಿದ್ದೇನೆ. ಬೇಡ ಅನ್ನಿಸಿದಾಗ ಅವರೇ ಆರಿಸುತ್ತಾರೆ, ಆರಿಸಿದ್ದೀನಿ ಅಂತ ನನಗೊಂದು ಫೋನ್ ಮಾಡುತ್ತಾರೆ. ಯಾಕೆ ಅಂತ ನಾನು ಕೇಳುವುದಿಲ್ಲ.

ಕ್ಲೌಡ್ (ಅಂದರೆ ವಿಡಿಯೋವನ್ನು ಕಂಪನಿಯ ಸರ್ವರ್‌ನಲ್ಲಿ ಇಡುವ ಸೌಲಭ್ಯ) ಈಗ ಬಳಸುತ್ತಿಲ್ಲ, ಎಲ್ಲವೂ ಕಾರ್ಡ್‌ಗೇ ಹೋಗುತ್ತದೆ. 128 ಜಿಬಿಯಲ್ಲಿ ಹತ್ತು ಹನ್ನೆರಡು ದಿನದ್ದು ಇರುತ್ತದೆ, ಆಮೇಲೆ ಹಳೆಯದು ಅಳಿಸಿಹೋಗುತ್ತದೆ. ನಮಗೆ ಅಷ್ಟು ಸಾಕು. ಒಂದು ಎಚ್ಚರಿಕೆ: ನಮ್ಮ ಕ್ಯಾಮೆರಾದ ಕಾರ್ಡ್‌ಗೆ ಬೀಗ ಇಲ್ಲ. ತೆಗೆದು ಲ್ಯಾಪ್‌ಟಾಪ್‌ಗೆ ಹಾಕಿದರೆ ಯಾರು ಬೇಕಾದರೂ ನೋಡಬಹುದು. ಸರ್ವಿಸ್‌ಗೆ ಕೊಡುವ ಮುಂಚೆ ಕಾರ್ಡ್ ತೆಗೆದಿಟ್ಟುಕೊಳ್ಳಿ. ಯಾರಿಗಾದರೂ ಮಾರುವುದಿದ್ದರೆ ನಿಮ್ಮ ಅಕೌಂಟಿನಿಂದ ಕ್ಯಾಮೆರಾವನ್ನು ಮೊದಲು ಬಿಡಿಸಿ. ರೂಟರ್‌ನಲ್ಲಿ ಗೆಸ್ಟ್ ವೈಫೈ ಇದ್ದರೆ ಕ್ಯಾಮೆರಾವನ್ನು ಅದಕ್ಕೆ ಸೇರಿಸಿ. ಬ್ಯಾಂಕ್ ವ್ಯವಹಾರ ಮಾಡುವ ಫೋನೂ ಇದೂ ಒಂದೇ ಜಾಲದಲ್ಲಿ ಇರುವುದು ಬೇಡ. ಪಾಸ್‌ವರ್ಡ್ ಬೇರೆಲ್ಲೂ ಬಳಸದ್ದು ಇರಲಿ, ಲಾಗಿನ್‌ಗೆ ಓಟಿಪಿ ಹಾಕಿಕೊಳ್ಳಿ. ಕಂಪನಿಯಿಂದ ಬಂದ ಪಾಸ್‌ವರ್ಡನ್ನೇ ಹಾಗೆ ಬಿಟ್ಟರೆ ಏನಾಗುತ್ತದೆ ಅಂತ 2016ರಲ್ಲೇ ಮಿರಾಯ್ ಅನ್ನುವ ಮಾಲ್‌ವೇರ್ (ಕೇಡು ಮಾಡಲೆಂದೇ ಬರೆದ ಸಾಫ್ಟ್‌ವೇರ್) ತೋರಿಸಿತು. ಅಂಥ ಕ್ಯಾಮೆರಾಗಳನ್ನೂ ರೂಟರ್‌ಗಳನ್ನೂ ಲಕ್ಷಗಟ್ಟಲೆ ವಶಕ್ಕೆ ತೆಗೆದುಕೊಂಡು ದೊಡ್ಡ ದೊಡ್ಡ ವೆಬ್‌ಸೈಟ್‌ಗಳನ್ನೇ ಬೀಳಿಸಿತ್ತು.

ಮನೆಯವರ ಫೋನುಗಳಲ್ಲಿ ಯಾರಿಗೆಲ್ಲ ಹಂಚಿದ್ದೀರಿ ಅಂತಲೂ ಆಗಾಗ ನೋಡಿ. ಊರಿಂದ ಬಂದಿದ್ದ ನೆಂಟರೊಬ್ಬರಿಗೆ ಒಮ್ಮೆ ಅನುಮತಿ ಕೊಟ್ಟರೆ, ನೀವಾಗಿ ತೆಗೆಯುವವರೆಗೂ ಅವರಿಗೆ ನಿಮ್ಮ ಹಾಲ್ ಕಾಣುತ್ತಲೇ ಇರುತ್ತದೆ.

ಚಿತ್ರಕ್ಕೆ, ಗಟ್ಟಿತನಕ್ಕೆ 5ಕ್ಕೆ 4 ಕೊಡುತ್ತೇನೆ. ಆ್ಯಪ್‌ಗೆ 2. ಕಸ್ಟಮರ್ ಕೇರ್‌ಗೆ 1, ಅದೂ ಫೋನ್ ಎತ್ತುತ್ತಾರೆ ಅನ್ನುವ ಕಾರಣಕ್ಕೆ. ಗೇಟಿಗೆ, ಅಂಗಡಿಗೆ, ಕಾರ್ ಶೆಡ್ಡಿಗೆ ಬೇಕಾದರೆ ಧೈರ್ಯವಾಗಿ ತೆಗೆದುಕೊಳ್ಳಿ. ವಯಸ್ಸಾದವರಿಗಾಗಿ ಮನೆಯೊಳಗೆ ಬೇಕು ಅನ್ನುವವರು ಮೊದಲು ಅವರನ್ನೇ ಕೇಳಿ. ಮಲಗುವ ಕೋಣೆಗೆ ಮಾತ್ರ ಯಾವ ಕಾರಣಕ್ಕೂ ಬೇಡ.

ಇದು ಕೆಟ್ಟ ಮೇಲೆ ಇದೇ ಕಂಪನಿಯದನ್ನು ಮತ್ತೆ ಕೊಳ್ಳುವುದಿಲ್ಲ. 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳು ಸರ್ಕಾರ ಮಾನ್ಯ ಮಾಡಿದ ಲ್ಯಾಬ್‌ಗಳಲ್ಲಿ ಭದ್ರತಾ ಪರೀಕ್ಷೆ ಪಾಸಾಗಬೇಕು ಅನ್ನುವ ನಿಯಮ ಬಂದಿದೆ. ನಮ್ಮದು ಅದಕ್ಕಿಂತ ಹಳೆಯದು. ಹೊಸದು ಕೊಳ್ಳುವಾಗ ಅದನ್ನು ಕೇಳಿಯೇ ಕೊಳ್ಳುತ್ತೇನೆ. ಲೆನ್ಸ್‌ಗೆ ಕೈಯಲ್ಲೇ ಎಳೆಯುವ ಮುಚ್ಚಳ, ಮೈಕ್‌ಗೆ ಬೇರೆ ಸ್ವಿಚ್, ಕ್ಲೌಡ್ ಇಲ್ಲದೆಯೂ ನಡೆಯುವ ಆ್ಯಪ್ ಈ ಮೂರೂ ಇರುವ ಮಾದರಿಯನ್ನು ನಾಲ್ಕು ಸಾವಿರದೊಳಗೆ ಯಾರಾದರೂ ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ. ಒಮ್ಮೆ ಮೇನ್ ಸ್ವಿಚ್ ಆರಿಸಿ ಹಾಕಿ, ಆಮೇಲೂ ನಿಮ್ಮ ಸೆಟ್ಟಿಂಗ್ಸ್ ಹಾಗೇ ಉಳಿದಿವೆಯಾ ಅಂತ ನೋಡಿಕೊಂಡು ಬರೆದರೆ ಇನ್ನೂ ಉಪಕಾರ.