ಮಳೆ ಹಿಡಿಯುವ ಹೊತ್ತಿಗೆ ಮೂಟೆಗಟ್ಟಲೆ ಸಾಮಾನು ತರುವ ಮುಂಚೆ

ನಮ್ಮ ಚಿಕ್ಕಮಗಳೂರಿನ ಒಂದು ಸಗಟು ಅಂಗಡಿ ಮುಂದೆ ಮತ್ತೆ ಬೋರ್ಡ್ ಬಿದ್ದಿದೆ. ಮಳೆಗಾಲದ ಆಫರ್, ಮೂರು ತಿಂಗಳ ಸಾಮಾನು ಒಟ್ಟಿಗೆ ತಗೊಳ್ಳಿ, ಸಾವಿರದ ಮೇಲೆ ಉಳಿಸಿ ಅಂತ. ಮೊನ್ನೆ ಆ ಕಡೆ ಹೋದಾಗ ಹೊಸದಾಗಿ ಮದುವೆಯಾದ ಜೋಡಿಯೊಂದು ಅದರ ಮುಂದೆ ನಿಂತು ಫೋನಿನಲ್ಲಿ ಲೆಕ್ಕ ಹಾಕುತ್ತಿತ್ತು. ಹೋದ ವರ್ಷ ನಾವೂ ಅಲ್ಲೇ ನಿಂತು ಲೆಕ್ಕ ಹಾಕಿದ್ದೆವು. ಅದಕ್ಕೇ ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಬೇಡ. ಇಂಥ ಆಫರ್ ಯಾವ ಊರಲ್ಲೂ ಇರಬಹುದು.

2025ರ ಜೂನ್ ಮೊದಲ ಭಾನುವಾರ ಹೋಗಿದ್ದು. ಆ ವರ್ಷ ಮುಂಗಾರು ಬೇಗ ಬಂದು, ಮೇ ಕೊನೆಗೇ ಮಳೆ ಹಿಡಿದಿತ್ತು. ಮನೆಯಲ್ಲಿ ಐದು ಜನ. ಮಳೆಯಲ್ಲಿ ವಾರ ವಾರ ಅಂಗಡಿಗೆ ಅಲೆಯುವುದು ತಪ್ಪುತ್ತದೆ, ದುಡ್ಡೂ ಉಳಿಯುತ್ತದೆ ಅಂದುಕೊಂಡೆವು. 26 ಕೆಜಿಯ ಎರಡು ಚೀಲ ಅಕ್ಕಿ, 10 ಕೆಜಿ ತೊಗರಿಬೇಳೆ, ದೊಡ್ಡ ಡಬ್ಬ ಸೂರ್ಯಕಾಂತಿ ಎಣ್ಣೆ, 5 ಕೆಜಿ ಬಟ್ಟೆ ಒಗೆಯುವ ಪುಡಿ, ಮೂರು ಡಜನ್ ಮೈಸೋಪು, ಶಾಂಪೂ, ಟೂತ್‌ಪೇಸ್ಟ್, ರವೆ, ಹಿಟ್ಟು. ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಬರುವಾಗ ಟಾರ್ಪಾಲು ಹೊದಿಸಿದ್ದರು. ಕೆಳಗಿನಿಂದ ಸಿಡಿದ ನೀರನ್ನು ಯಾರೂ ನೋಡಲಿಲ್ಲ. ಚೀಲಗಳನ್ನು ಮೆಟ್ಟಿಲ ಕೆಳಗೆ ನೆಲದ ಮೇಲೇ, ಗೋಡೆಗೆ ಒರಗಿಸಿ ನಿಲ್ಲಿಸಿದೆವು.

ಆಗಸ್ಟ್ 8ಕ್ಕೆ ವರಮಹಾಲಕ್ಷ್ಮಿ ಹಬ್ಬ. ಹಿಂದಿನ ರಾತ್ರಿ ಕಲಶಕ್ಕೆ ಹೊಸ ಚೀಲದ ಅಕ್ಕಿಯೇ ಇರಲಿ ಎಂದು ಅತ್ತೆ ಎರಡನೇ ಚೀಲದ ದಾರ ಕಿತ್ತರು. ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು. ಮೇಲೆ ಸಣ್ಣ ಕಪ್ಪು ಹುಳಗಳು ಹರಿದಾಡುತ್ತಿದ್ದವು. ಕೈ ಒಳಗೆ ಹಾಕಿದರೆ ಅಕ್ಕಿ ಬೆಚ್ಚಗಿತ್ತು. ಕಾಳುಗಳು ಬಲೆ ಕಟ್ಟಿದ ಹಾಗೆ ಒಂದಕ್ಕೊಂದು ಅಂಟಿಕೊಂಡು ಉಂಡೆ ಉಂಡೆಯಾಗಿ ಬಂದವು. ತಳದ ಅಕ್ಕಿ ಹಸಿರು, ಕಪ್ಪು ಬಣ್ಣಕ್ಕೆ ತಿರುಗಿ ಬೂಷ್ಟು ಹಿಡಿದಿತ್ತು. ಅತ್ತೆ ಏನೂ ಮಾತಾಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಎದ್ದು ಹೋದರು. ಆ ರಾತ್ರಿ ಪಕ್ಕದ ಮನೆಯ ಅಕ್ಕನ ಹತ್ತಿರ ಒಂದು ಸೇರು ಅಕ್ಕಿ ಕೇಳಿ ತಂದು ಕಲಶ ಇಟ್ಟೆವು.

ಬೇಳೆ ಡಬ್ಬ ತೆಗೆದು ನೋಡಿದರೆ ಅದಕ್ಕೂ ಹುಳ. ನಾಲ್ಕು ಕೆಜಿ ಬಳಸಿದ್ದೆವು, ಉಳಿದ ಆರು ಕೆಜಿಯಲ್ಲಿ ಹಿಟ್ಟು ಉದುರುತ್ತಿತ್ತು. ಬಿಸಿಲಿಗೆ ಹರಡಿ ಕೇರೋಣ ಅಂದರೆ ಆಗಸ್ಟ್‌ನಲ್ಲಿ ನಮ್ಮೂರಲ್ಲಿ ಬಿಸಿಲು ಎಲ್ಲಿಂದ ತರುವುದು?

ಇಲ್ಲಿ ಒಂದು ಮಾತು ದಯವಿಟ್ಟು ಗಮನಿಸಿ. ಬರೀ ಹುಳ ಬಿದ್ದ ಅಕ್ಕಿಯನ್ನು ಕೇರಿ, ತೊಳೆದು ಬಳಸುವವರಿದ್ದಾರೆ. ಬೂಷ್ಟು ಹಿಡಿದದ್ದನ್ನು ಮಾತ್ರ ಮುಟ್ಟಬೇಡಿ. ಕೆಲವು ಬೂಷ್ಟುಗಳ ವಿಷ ತೊಳೆದರೂ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ನಮಗೆ ಹಾಲು ಕೊಡುವವರು ಹಸುವಿಗೆ ಹಾಕುತ್ತೇನೆ ಕೊಡಿ ಎಂದು ಕೇಳಿದರು. ಕೊಡಲಿಲ್ಲ. ಆ ವಿಷ ಹಸುವಿಗೂ ಕೆಟ್ಟದ್ದು, ಹಾಲಿನಲ್ಲೂ ಬರುತ್ತದೆ. ಹಿತ್ತಿಲಲ್ಲಿ ಗುಂಡಿ ತೆಗೆದು ಹೂತೆವು. 26 ಕೆಜಿ ಅನ್ನವನ್ನು ಮಣ್ಣಿಗೆ ಹಾಕುವಾಗ ಆದ ಸಂಕಟ ಹೇಳಲು ಬರುವುದಿಲ್ಲ.

ಅಂಗಡಿಗೆ ಹೋದೆವು. ಎರಡು ತಿಂಗಳಾಗಿದೆ, ಬಿಚ್ಚಿದ ಚೀಲ ವಾಪಸ್ ತಗೊಳ್ಳಲ್ಲ ಅಂದರು. ನಮ್ಮ ಕೈಯಲ್ಲಿದ್ದ ಕಾಗದ ತೆಗೆದು ನೋಡಿದಾಗಲೇ ಗೊತ್ತಾಗಿದ್ದು, ಅದು ಬಿಲ್ಲೇ ಅಲ್ಲ. ಮೇಲೆ ಎಸ್ಟಿಮೇಟ್ ಅಂತ ಬರೆದಿತ್ತು. ಅಂಗಡಿ ಹೆಸರಿಲ್ಲ, ಜಿಎಸ್‌ಟಿ ನಂಬರ್ ಇಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೇ ತಪ್ಪು ವ್ಯಾಪಾರ. ಕೆಟ್ಟ ಮಾಲನ್ನು ಎಷ್ಟು ದಿನದೊಳಗೆ ವಾಪಸ್ ತಗೊಳ್ಳಬೇಕೆಂದು ಬಿಲ್ಲಿನಲ್ಲಿ ಬರೆಯದಿದ್ದರೆ 30 ದಿನ ಎಂದು ಲೆಕ್ಕ. ನಾವು ಚೀಲ ಬಿಚ್ಚಿದ್ದೇ ಅರವತ್ತು ದಿನ ಕಳೆದ ಮೇಲೆ. ಮಾಲು ಬರುವಾಗಲೇ ಹುಳ ಇತ್ತೋ ನಮ್ಮ ಮನೆಯಲ್ಲಿ ಬಿತ್ತೋ ಎಂದು ಹೇಳಲು ನಮ್ಮ ಹತ್ತಿರ ಏನೂ ಇರಲಿಲ್ಲ. ಅಕ್ಕಿ ಹುಳ ಕಾಳಿನ ಒಳಗೇ ಮೊಟ್ಟೆ ಇಡುತ್ತದೆ. ತರುವಾಗ ಕಣ್ಣಿಗೆ ಚೊಕ್ಕ ಕಂಡ ಅಕ್ಕಿಯಲ್ಲೂ ಅದು ಇರಬಹುದು.

ಆಮೇಲೆ ಒಂದು ಸಂಜೆ ಕೂತು ನಿಜವಾಗಿ ಎಷ್ಟು ಉಳಿಯಿತು ಎಂದು ಲೆಕ್ಕ ಹಾಕಿದೆ. ಅಕ್ಕಿ ಕೆಜಿಗೆ 55 ಬಿದ್ದಿತ್ತು, ನಮ್ಮ ಬೀದಿ ಅಂಗಡಿಯಲ್ಲಿ 60. ಎರಡು ಚೀಲಕ್ಕೆ 260 ರೂಪಾಯಿ ಉಳಿತಾಯ. ಬೇಳೆ 112ಕ್ಕೆ ಸಿಕ್ಕಿತ್ತು, ಬಿಡಿಯಾಗಿ 122. ಅಲ್ಲಿ 100. ಎಣ್ಣೆಯದ್ದು ಬೇರೆಯೇ ಕಥೆ. ಇದು 15 ಕೆಜಿ ಡಬ್ಬ, ಲೀಟರ್ ಲೆಕ್ಕಕ್ಕಿಂತ ಜಾಸ್ತಿ ಬರುತ್ತೆ ಅಂದಿದ್ದರು. ಮನೆಯಲ್ಲಿ ಡಬ್ಬದ ಮೇಲಿನ ಸಣ್ಣಕ್ಷರ ಓದಿದರೆ 15 ಲೀಟರ್, 13.65 ಕೆಜಿ. ಸೂರ್ಯಕಾಂತಿ ಎಣ್ಣೆ ಒಂದು ಲೀಟರ್ ತೂಗುವುದು ಸುಮಾರು 910 ಗ್ರಾಂ ಮಾತ್ರ. ಕೆಜಿಗೂ ಲೀಟರ್‌ಗೂ ಇರುವ ಈ ವ್ಯತ್ಯಾಸದಲ್ಲಿ ಎಷ್ಟು ಜನ ಮೋಸ ಹೋಗುತ್ತಾರೋ! 2,145 ರೂಪಾಯಿ ಕೊಟ್ಟ ಡಬ್ಬದಲ್ಲಿ ನಮಗೆ ಉಳಿದದ್ದು ಲೀಟರ್‌ಗೆ 5 ರೂಪಾಯಿ, ಒಟ್ಟು 75. ಎಲ್ಲ ಸೇರಿ 435. ಮಣ್ಣಿಗೆ ಹಾಕಿದ ಅಕ್ಕಿ 1,430, ಹಾಳಾದ ಬೇಳೆ 672. ಅಲ್ಲಿಗೇ 2,102 ಹೋಯಿತು. ಆಟೋ ಬಾಡಿಗೆ ಬೇರೆ.

ಒಗೆಯುವ ಪುಡಿಯಲ್ಲಿ ಉಳಿತಾಯವೇ ಇರಲಿಲ್ಲ. 5 ಕೆಜಿ ಚೀಲದ್ದು ಕೆಜಿಗೆ 124 ಬಿದ್ದಿದೆ, ಅದೇ ಪುಡಿಯ 1 ಕೆಜಿ ಪ್ಯಾಕೆಟ್ 118ಕ್ಕೆ ಸಿಗುತ್ತಿತ್ತು. ದೊಡ್ಡದು ಅಗ್ಗವೇ ಇರುತ್ತದೆ ಎಂದು ನಾವು ನೋಡುವುದೇ ಇಲ್ಲ, ಅಲ್ವಾ? ಈಗ ಪ್ಯಾಕೆಟ್‌ಗಳ ಮೇಲೆ ಎಂಆರ್‌ಪಿ ಪಕ್ಕದಲ್ಲಿ ಗ್ರಾಂಗೆ ಇಷ್ಟು, ಕೆಜಿಗೆ ಇಷ್ಟು ಎಂದು ಮುದ್ರಿಸಬೇಕೆಂಬ ನಿಯಮವಿದೆ. ಅದನ್ನು ಓದಿ. ಶಾಂಪೂ ಬಾಟಲಿ ಹಿಡಿದು ಸ್ಯಾಶೆ ಜೊತೆ ಹೋಲಿಸಿ ನೋಡಿ. ನಾನು ನೋಡಿದ ಶಾಂಪೂನಲ್ಲಿ ಸ್ಯಾಶೆಯೇ ಅಗ್ಗ.

ಮೈಸೋಪಿನ ವಿಷಯದಲ್ಲಿ ಅಂಗಡಿಯವರ ತಪ್ಪಿಲ್ಲ. ಅದೇ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಟೂತ್‌ಪೇಸ್ಟ್ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಹಳೇ ತೆರಿಗೆ ಕೊಟ್ಟು ತಂದ ಸೋಪು ನಮ್ಮ ಅಲಮಾರಿನಲ್ಲಿ ಸಾಲಾಗಿ ಕೂತಿತ್ತು. ಮುಂದೆ ಬೆಲೆ ಏರುತ್ತದೆ ಎಂದು ಹೆದರಿಸಿ ಮಾರುತ್ತಾರೆ. ಇಳಿಯಲೂಬಹುದು.

26 ಕೆಜಿ ಚೀಲದ ಬಗ್ಗೆ ಬಹಳ ಜನ ಕೇಳುತ್ತಾರೆ. 2022ರ ಜುಲೈ 18ರಿಂದ ಲೇಬಲ್ ಇರುವ 25 ಕೆಜಿವರೆಗಿನ ಅಕ್ಕಿ, ಬೇಳೆ, ಹಿಟ್ಟಿನ ಪ್ಯಾಕ್‌ಗಳಿಗೆ ಶೇ 5 ಜಿಎಸ್‌ಟಿ ಇದೆ. ಅದು ದಾಟಿದರೆ ಇಲ್ಲ. ಅದಕ್ಕೇ 26 ಕೆಜಿ. ಹಾಗಾಗಿ ಅಲ್ಲಿ ಸ್ವಲ್ಪ ಲಾಭ ನಿಜ. ಆದರೆ ಅಂಗಡಿಯವರು ಚೀಲ ಬಿಚ್ಚಿ ತೂಗಿ ಕೊಡುವ ಐದು ಕೆಜಿ ಬಿಡಿ ಅಕ್ಕಿಗೂ ಆ ತೆರಿಗೆ ಇಲ್ಲ.

ಅತ್ತೆ ಕೊಪ್ಪದ ಕಡೆಯವರು. "ನಾವೂ ಮಳೆಗಾಲಕ್ಕೆ ಎಲ್ಲ ತುಂಬಿಸಿ ಇಡ್ತಿದ್ವಲ್ಲ, ಏನೂ ಆಗ್ತಿರ್ಲಿಲ್ಲ" ಎಂದು ಅವರಿಗೆ ಬೇಜಾರು. ಕೂತು ಮಾತಾಡಿದಾಗ ಅವರೇ ಒಂದೊಂದಾಗಿ ನೆನಪು ಮಾಡಿಕೊಂಡರು. ಅವರ ಮನೆಯ ಪಣತದಲ್ಲಿ, ಅಂದರೆ ಕಣಜದಲ್ಲಿ, ಇರುತ್ತಿದ್ದದ್ದು ಅಕ್ಕಿಯಲ್ಲ, ಭತ್ತ. ಹೊಟ್ಟು ಇರುವ ತನಕ ಕಾಳಿಗೆ ರಕ್ಷಣೆ. ಬೇಕಾದಾಗ ಬೇಕಾದಷ್ಟು ಅಕ್ಕಿ ಮಾಡಿಸುತ್ತಿದ್ದರು. ಬೇಳೆಗೆ ಹರಳೆಣ್ಣೆ ಸವರಿ ಬೇಸಿಗೆಯ ಸುಡುಬಿಸಿಲಿಗೆ ಹಾಕಿ, ಆರಿಸಿ ತುಂಬುತ್ತಿದ್ದರು. ಅಡುಗೆಮನೆಯ ಮೇಲೆ ಅಟ್ಟ, ಕೆಳಗೆ ದಿನವಿಡೀ ಒಲೆ. ಆ ಹೊಗೆ, ಆ ಬಿಸಿಗೆ ಥಂಡಿ ಹತ್ತಿರ ಬರುತ್ತಿರಲಿಲ್ಲ. ನಮ್ಮದು ಆರ್‌ಸಿಸಿ ಮನೆ, ಗ್ಯಾಸ್ ಒಲೆ. ಆರಿದ್ರಾ ಮಳೆ ಹಿಡಿದರೆ ಗೋಡೆಯೇ ಬೆವರುತ್ತದೆ. ಅವರು ಮಳೆಗೆ ತುಂಬಿಸುತ್ತಿದ್ದರು ಅನ್ನುವುದಷ್ಟೇ ನಮಗೆ ನೆನಪಿತ್ತು, ಹೇಗೆ ಅನ್ನುವುದು ಮರೆತಿತ್ತು.

ಈಗ ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ಹದಿನೈದು ದಿನಕ್ಕಾಗುವಷ್ಟೇ ಅಕ್ಕಿ ಬೇಳೆ ತರುತ್ತೇನೆ. ರವೆ ತಂದ ದಿನವೇ ಹುರಿದು ಇಡುತ್ತೇನೆ. ದೊಡ್ಡ ಚೀಲ ಬೇಕೇ ಬೇಕು ಅನ್ನಿಸಿದರೆ ಮೂರು ಮನೆಯವರು ಸೇರಿ ಒಂದು ತಂದು, ಅವತ್ತೇ ತೂಗಿ ಹಂಚಿಕೊಳ್ಳುತ್ತೇವೆ. ಬೆಲೆ ಚೀಲದ್ದೇ ಬೀಳುತ್ತದೆ, ಯಾರ ಮನೆಯಲ್ಲೂ ಉಳಿಯುವುದಿಲ್ಲ.

ನೀವು ಈಗಾಗಲೇ ತಂದಿಟ್ಟಿದ್ದರೆ ಇವತ್ತೇ ಪ್ರತಿ ಚೀಲ ಬಿಚ್ಚಿ. ಮೊಣಕೈವರೆಗೆ ಕೈ ಹಾಕಿ ತಳದ ಅಕ್ಕಿ ತೆಗೆದು ಮೂಸಿ ನೋಡಿ. ಚೀಲವನ್ನು ನೆಲದಿಂದ ಎತ್ತಿ ಮಣೆ ಮೇಲಿಡಿ, ಗೋಡೆಯಿಂದ ಒಂದು ಗೇಣು ದೂರ ಸರಿಸಿ. ಎಸ್ಟಿಮೇಟ್ ಚೀಟಿ ಕೊಟ್ಟಿದ್ದರೆ ಅದನ್ನು ಹಿಡಿದುಕೊಂಡು ಹೋಗಿ ಸರಿಯಾದ ಬಿಲ್ ಕೇಳಿ. ಮಾಲು ಕೆಟ್ಟಿದ್ದರೆ 30 ದಿನ ಮುಗಿಯುವ ಮುಂಚೆ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ. ಅಲ್ಲಿ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.